ಟೀಚರಮ್ಮನ ನಂಬರ್ ಸ್ವಿಚ್ ಆಫ್ ಆಗಿದೆ

ನನ್ನ ಸಾರ್ವಜನಿಕ ಬದುಕಿನಲ್ಲಿ ನಾನು ಯಾವ ಅಧಿಕಾರಿಯ ಮುಂದೆಯೂ ಕೈಮುಗಿದು ನಿಂತವಳಲ್ಲ. ಮನವಿ ಪತ್ರವನ್ನೂ ನೆಟ್ಟಗೆ ನಿಂತೇ ಕೊಟ್ಟಿದ್ದೇನೆ. ಅಂಥ ನಾನು ಕಳೆದ ವಾರ ಮುಳಬಾಗಿಲಿನ ಬೇಕರಿಯೊಂದರಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಕೂತಿದ್ದ ದಿಲ್‌ಪಸಂದ್‌ಗಳ ಎದುರು, ಒಂದು ಪ್ಲಗ್ ಪಾಯಿಂಟ್‌ಗಾಗಿ ಎರಡೂ ಕೈ ಜೋಡಿಸಿದೆ.

"ಅಣ್ಣ, ಸ್ವಲ್ಪ ಹೊತ್ತು ಚಾರ್ಜ್‌ಗೆ ಹಾಕ್ಕೊಡಿ. ಒಬ್ಬ ಹುಡುಗಿಯ ಸೀಟಿನ ಪ್ರಶ್ನೆ."

ಬೇಕರಿಯ ಮಾಲೀಕರು ದಯಾವಂತರು. ಕೈಚಾಚಿ ಫೋನ್ ತೆಗೆದುಕೊಂಡರು. ತಿರುಗಿಸಿ ಅದರ ಬುಡ ನೋಡಿದರು. ವಾಪಸ್ ಕೊಟ್ಟರು.

"ಈ ಪಿನ್ನು ಲೇದಮ್ಮ. ಇಲ್ಲಿ ಎಲ್ಲಾರ್ದೂ ಆ ಪಿನ್ನು. ನೀವ್ಯಾಕೆ ಇದನ್ನ ತಗೊಂಡ್ರಿ?"

ಪ್ರಶ್ನೆ ನ್ಯಾಯವಾದದ್ದು. ನಾನು ಇದನ್ನು ಏಕೆ ತೆಗೆದುಕೊಂಡೆ?

ತತ್ವಕ್ಕಾಗಿ. (ನಗಬೇಡಿ.)

ನನ್ನ ಹಳೆಯ ಫೋನು ನಮ್ಮ ಜಿಲ್ಲೆಯ ಬಹುಪಾಲು ಜನರ ಕೈಯಲ್ಲಿರುವ ಆಪರೇಟಿಂಗ್ ಸಿಸ್ಟಂನದು. ಸಂಜೆಯ ಹೊತ್ತಿಗೆ ಅದರ ಬ್ಯಾಟರಿ ಸೋಲುತ್ತಿತ್ತು. ನಾನು ತೆರೆಯದ ಆಪ್‌ಗಳು ನನ್ನ ಬೆನ್ನ ಹಿಂದೆ ಓಡುತ್ತಿದ್ದವು. ನಾನು ಕೇಳದ ಜಾಹೀರಾತುಗಳು ನನ್ನ ಮಾತಿನ ವಾಸನೆ ಹಿಡಿದು ಬರುತ್ತಿದ್ದವು. ಕೆರೆ ಒತ್ತುವರಿಯ ಬಗ್ಗೆ ಗೆಳತಿಯೊಡನೆ ಮಾತನಾಡಿದ ಮರುದಿನವೇ 'ಲೇಕ್ ವ್ಯೂ' ನಿವೇಶನಗಳ ಜಾಹೀರಾತು ಬಂದಾಗ ನನ್ನ ತಾಳ್ಮೆ ಮುಗಿಯಿತು.

ನಮ್ಮ ಅಧ್ಯಯನ ಬಳಗದಲ್ಲಿ ಈ ಸಂಗತಿಯನ್ನು ಎತ್ತಿದೆ. ಕೋಲಾರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ಮುನಿರಾಜು ನಮ್ಮ ಬಳಗದ ಸಿದ್ಧಾಂತಿ. ಅವರು ಆಗಲೇ ಎದುರು ಪಾಳಯದ ಸಿಸ್ಟಂಗೆ ವಲಸೆ ಹೋಗಿದ್ದರು.

"ಮೇಡಂ, ನಿಮ್ಮ ಸಿಸ್ಟಂಗೆ ನೀವು ಗ್ರಾಹಕರಲ್ಲ, ಸರಕು. ನಮ್ಮದ್ರಲ್ಲಿ ಖಾಸಗಿತನ ಅಂದ್ರೆ ಹಕ್ಕು."

"ಬ್ಯಾಟರಿ?"

"ಬೆಳಿಗ್ಗೆ ಹಾಕಿದ್ರೆ ರಾತ್ರಿವರ್ಗೂ ಬರುತ್ತೆ." ಸ್ವಲ್ಪ ತಡೆದು ಸೇರಿಸಿದರು: "ಮುಟ್ಟದಿದ್ರೆ."

ಆ ಕೊನೆಯ ಪದವನ್ನು ನಾನು ಹಾಸ್ಯವೆಂದು ಭಾವಿಸಿದೆ. ಅವರು ಹೊಸದೊಂದು ಕೊಂಡು, ತಾವು ಬಳಸಿ ಬಿಟ್ಟದ್ದನ್ನು ನನಗೆ ದಾಟಿಸಿದರು. ಹೀಗೆ ಖಾಸಗಿತನದ ಹಕ್ಕು ಸೆಕೆಂಡ್ ಹ್ಯಾಂಡಿನಲ್ಲಿ ನನ್ನ ಕೈ ಸೇರಿತು.

ಹಳೆಯ ಫೋನಿನ ಫೋಟೋಗಳು, ಸಂದೇಶಗಳು, ಹೆಸರುಗಳು ಎಲ್ಲವೂ ಹೊಸ ಮನೆಗೆ ಸಾಗಿದವು. ಸಾಗಿದ ಮೇಲೆ ಹೊಸ ಸಿಸ್ಟಂ ಅವನ್ನು ಬಿಚ್ಚಿ, ಜೋಡಿಸಿ, ಫೋಟೋಗಳಲ್ಲಿದ್ದ ಮುಖಗಳನ್ನು ಒಂದೊಂದಾಗಿ ಗುರುತು ಹಿಡಿದು ವಿಂಗಡಿಸತೊಡಗಿತು. ಧರಣಿಯ ಫೋಟೋಗಳಲ್ಲಿ ಎಷ್ಟು ಮುಖಗಳಿರುತ್ತವೆ, ನೀವೇ ಯೋಚಿಸಿ! ಫೋನು ಕಾದ ಹೆಂಚಿನಂತಾಯಿತು. ಚಾರ್ಜು ಕಣ್ಣೆದುರೇ ಇಳಿಯಿತು.

"ಧರಣಿಗೆ ಬಂದವರ ಮುಖ ಗುರುತಿಸಿ ಪಟ್ಟಿ ಮಾಡೋದು ಯಾವ ಸೀಮೆ ಖಾಸಗಿತನ?" ಎಂದು ಮುನಿರಾಜು ಅವರನ್ನು ಕೇಳಿದೆ.

"ಅದೆಲ್ಲ ನಿಮ್ಮ ಫೋನಿನ ಒಳಗೇ ಆಗುತ್ತೆ ಮೇಡಂ. ಹೊರಗಡೆ ಹೋಗಲ್ಲ."

ಅಂದರೆ, ಬೇಹುಗಾರಿಕೆಯ ವಿದ್ಯುತ್ ಖರ್ಚು ಈಗ ನನ್ನದೇ ಲೆಕ್ಕಕ್ಕೆ.

ಎರಡು ಸಿಸ್ಟಂಗಳು ಸಾಯುವ ರೀತಿಯಲ್ಲೂ ವ್ಯತ್ಯಾಸವಿದೆ. ಹಳೆಯದು ಒಂದೇ ಒಂದು ಶೇಕಡಾ ಉಳಿದಾಗಲೂ ನಮ್ಮ ಖಾಸಗಿ ಬಸ್ಸುಗಳ ಹಾಗೆ ಕೆಮ್ಮುತ್ತ, ನಿಲ್ಲುತ್ತ, ಹೇಗೋ ಊರು ಮುಟ್ಟಿಸುತ್ತಿತ್ತು. ಹೊಸದು ಘನತೆಯುಳ್ಳದ್ದು. ಇನ್ನೂ ಇಪ್ಪತ್ತಿದೆ ಎಂದು ತೋರಿಸುತ್ತಲೇ, ಯಾರಿಗೂ ಒಂದು ಮಾತು ಹೇಳದೆ ಕಣ್ಣುಮುಚ್ಚುತ್ತದೆ. ಹಾಗೆಂದು ಅದು ಸುಳ್ಳು ಹೇಳುವುದಿಲ್ಲ. ಸೆಟ್ಟಿಂಗ್ಸ್‌ನ ಒಳಕೋಣೆಯಲ್ಲಿ 'ಬ್ಯಾಟರಿ ಆರೋಗ್ಯ' ಎಂಬ ಪುಟವಿದೆ. ಅಲ್ಲಿ ತನ್ನ ಬ್ಯಾಟರಿ ಸವೆದಿದೆಯೆಂದು ತಾನೇ ಒಪ್ಪಿಕೊಂಡಿದೆ. ಮಾಹಿತಿ ಹಕ್ಕಿನ ಅರ್ಜಿಯಿಲ್ಲದೆ ಸತ್ಯ ನುಡಿದ ಮೊದಲ ಸಂಸ್ಥೆಯನ್ನು ನಾನು ಕಂಡದ್ದು ಹೀಗೆ.

ತಪ್ಪನ್ನು ಕಂಡೂ ಹೆಸರಿಸದೆ ಬಿಡುವುದು ನನ್ನಿಂದಾಗದು. ಬಳಸುವವರು ಬಿಚ್ಚಲಾಗದಂತೆ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುವುದು ತಪ್ಪು. ಸವೆದ ಬ್ಯಾಟರಿಯನ್ನು ಬದಲಿಸುವುದಕ್ಕಿಂತ ಫೋನನ್ನೇ ಬದಲಿಸುವುದು ಸಲೀಸು ಎಂಬ ಸ್ಥಿತಿಯನ್ನು ಹುಟ್ಟಿಸಿ, ಅದಕ್ಕೆ 'ಅಪ್‌ಗ್ರೇಡ್' ಎಂದು ಮುದ್ದಿನ ಹೆಸರಿಡುವುದು ಇನ್ನೂ ದೊಡ್ಡ ತಪ್ಪು. ಭೂಮಿಯ ಹೊಟ್ಟೆ ಬಗೆದು ತೆಗೆದ ಲೋಹ ಕೆಲವೇ ವರ್ಷಗಳಲ್ಲಿ ಗುಜರಿಗೆ ಬೀಳುತ್ತದೆ. ಆ ಗುಜರಿಯನ್ನು ಬರಿಗೈಯಲ್ಲಿ ಆರಿಸುವವರು ಯಾರೆಂದು ಜಾಹೀರಾತಿನಲ್ಲಿ ತೋರಿಸುವುದಿಲ್ಲ. ಒಂದು ಪಾಳಯಕ್ಕೆ ಒಂದು ಪಿನ್ನು, ಇನ್ನೊಂದಕ್ಕೆ ಇನ್ನೊಂದು. ಈಗೀಗ ಒಂದೇ ಪಿನ್ನಿಗೆ ಒಪ್ಪಿಕೊಂಡಿದ್ದಾರಂತೆ, ಸಂತೋಷ. ಹಳೆಯ ಪಿನ್ನಿನವರು ಎಲ್ಲಿಗೆ ಹೋಗಬೇಕು?

ಎಲ್ಲಿಗೆ? ಮುಳಬಾಗಿಲಿನ ಬೇಕರಿಗೆ.

ಅಲ್ಲಿಗೆ ಬಂದದ್ದೇಕೆಂದು ಹೇಳುವ ಮೊದಲು ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಶ್ರೀನಿವಾಸಪುರದಲ್ಲಿ, ಯಲ್ದೂರಿನ ಆಸುಪಾಸಿನಲ್ಲಿ, ಹೆಂಗಸರಿಗೆ ಓದು ಬರಹ ಕಲಿಸುವ ತಂಡದಲ್ಲಿ ನಾನು ಬಹಳ ಕಾಲ ಕೆಲಸ ಮಾಡಿದ್ದೇನೆ. ಅಲ್ಲಿ ನನ್ನ ಹೆಸರು ಯಾರಿಗೂ ಬೇಕಿಲ್ಲ. ನಾನು ಬರೀ 'ಟೀಚರಮ್ಮ'. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಇರುವುದು ಗಂಡಸಿನ ಜೇಬಿನಲ್ಲಿ. ಪಿಂಚಣಿಯ ಅರ್ಜಿಯಾಗಲಿ, ವಿದ್ಯಾರ್ಥಿವೇತನವಾಗಲಿ, ಹೆಣ್ಣಿನ ಹೆಸರಿನಲ್ಲಿ ಬರುವ ಸಂದೇಶ ಮೊದಲು ಆ ಜೇಬಿಗೆ ಹೋಗುತ್ತದೆ. ಓದುವವನು ಅವನು, ಹೇಳುವುದೋ ಬಿಡುವುದೋ ಅವನ ಮರ್ಜಿ. ಇದು ಅನ್ಯಾಯವೆಂದು ನಾನು ಸಭೆ ಸಭೆಯಲ್ಲೂ ಹೇಳಿದೆ. ಪರಿಹಾರವನ್ನೂ ಸೂಚಿಸಿದೆ.

"ಮೊಬೈಲ್ ನಂಬರ್ ಕೇಳಿದ್ರೆ ನನ್ನದು ಬರೆಸಿ."

ಬರೆಸಿದರು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆಸಿದರು. 'ಟೀಚರಮ್ಮನ ನಂಬರ್ ಹಾಕಿ' ಎಂಬುದು ಆ ಬೀದಿಗಳಲ್ಲಿ ಒಂದು ಪದ್ಧತಿಯೇ ಆಯಿತು. ಯಾರದೋ ಗ್ಯಾಸ್ ಸಿಲಿಂಡರ್ ಹೊರಟಿದೆ ಎಂದು ನನಗೆ ಸಂದೇಶ ಬರುತ್ತದೆ. ಯಾರದೋ ಹಸುವಿನ ವಿಮೆ ಮುಗಿಯುತ್ತಿದೆ ಎಂದು ನನಗೆ ಎಚ್ಚರಿಕೆ ಬರುತ್ತದೆ. ಒಟಿಪಿ ಬಂದಾಗ ಅವರು ಕರೆ ಮಾಡುತ್ತಾರೆ, ನಾನು ಓದಿ ಹೇಳುತ್ತೇನೆ. ಊಟದ ನಡುವೆ, ಬಸ್ಸಿನ ಮೆಟ್ಟಿಲ ಮೇಲೆ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಓದಿ ಹೇಳಿದ್ದೇನೆ.

ಆ ದಿನ ಬರಬೇಕಾಗಿದ್ದದ್ದು ಅಫ್ರೀನಳ ಒಟಿಪಿ.

ಅಫ್ರೀನ್ ಶ್ರೀನಿವಾಸಪುರದಲ್ಲಿ ಬಟ್ಟೆ ಹೊಲಿಯುವ ಶಮೀಮಳ ಮಗಳು. ಕೋಲಾರದ ಕಾಲೇಜೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿತ್ತು. ಅದನ್ನು ಆನ್‌ಲೈನಿನಲ್ಲಿ ಒಪ್ಪಿಕೊಳ್ಳಲು ಅಂದು ಸಂಜೆ ಐದು ಗಂಟೆಯವರೆಗೆ ಮಾತ್ರ ಅವಕಾಶ. ತಪ್ಪಿದರೆ ಸೀಟು ಮುಂದಿನವರಿಗೆ. ಮನೆಯಲ್ಲಿ ಅವಳಪ್ಪ 'ಈ ವರ್ಷ ಬೇಡ' ಎನ್ನುವ ಹಟದಲ್ಲಿದ್ದ. ತಾನಾಗಿಯೇ ತಪ್ಪಿಹೋದರೆ ಅವನಿಗೆ ಜಗಳದ ಶ್ರಮವೂ ಉಳಿಯುತ್ತಿತ್ತು.

ಬೆಳಿಗ್ಗೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಶಮೀಮ್ ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿದಳು.

"ಟೀಚರಮ್ಮ, ಇವತ್ತೇ ಲಾಸ್ಟ್. ಮಧ್ಯಾಹ್ನ ಸೈಬರ್‌ನಲ್ಲಿ ಕೂತ್ಕೋತೀವಿ. ಫೋನ್ ಕೈಯಲ್ಲೇ ಇಟ್ಕೊಳ್ಳಿ, ಅಲ್ಲಾಕೆ ವಾಸ್ತೆ."

"ಇಟ್ಕೋತೀನಿ ಕಣೇ. ಫುಲ್ ಚಾರ್ಜ್ ಮಾಡಿದ್ದೀನಿ."

"ಹೊಸಾ ಫೋನ್ ಅಂತಲ್ಲ, ಚೆನ್ನಾಗೈತಾ?"

"ತತ್ವ ಚೆನ್ನಾಗಿದೆ" ಎಂದೆ.

ನಾನು ಹೊರಟಿದ್ದು ಮುಳಬಾಗಿಲಿನಾಚೆ, ಗಡಿಗೆ ಹತ್ತಿರದ ಸಮುದಾಯ ಭವನವೊಂದಕ್ಕೆ. ಅಲ್ಲಿ ಮಹಿಳಾ ಕಾರ್ಯಾಗಾರ. ನನ್ನ ಭಾಷಣದ ವಿಷಯ: 'ಡಿಜಿಟಲ್ ಯುಗದಲ್ಲಿ ಮಹಿಳೆಯ ಸ್ವಾವಲಂಬನೆ'. ಕಾಗದ ಉಳಿಸಬೇಕೆಂಬ ಕಾಳಜಿಯಿಂದ ಭಾಷಣದ ಟಿಪ್ಪಣಿಗಳನ್ನು ಫೋನಿನಲ್ಲೇ ಬರೆದುಕೊಂಡಿದ್ದೆ. ಕಿಟಕಿಯ ಬಿಸಿಲಿಗೆ ಅಕ್ಷರ ಕಾಣಲಿಲ್ಲವೆಂದು ಸ್ಕ್ರೀನಿನ ಬೆಳಕನ್ನು ಪೂರ್ತಿ ಏರಿಸಿದೆ. ಇದರ ಜೊತೆಗೆ ನಮ್ಮ ಗಡಿಯ ಕಷ್ಟ ಬೇರೆ. ಒಮ್ಮೆ ಕರ್ನಾಟಕದ ಟವರು, ಒಮ್ಮೆ ಆಂಧ್ರದ ಟವರು. ಫೋನು ಎರಡರ ನಡುವೆ ಎಳೆದಾಡಿಕೊಂಡು ಸುಸ್ತಾಗುತ್ತದೆ. ನಾನು ಕನ್ನಡ ನಾಡಿನ ಕುರ್ಚಿಯಲ್ಲೇ ಕುಳಿತಿದ್ದೆ. 'ಆಂಧ್ರಪ್ರದೇಶಕ್ಕೆ ಸ್ವಾಗತ' ಎಂದು ಸಂದೇಶ ಬಂತು.

ಸ್ವಾವಲಂಬನೆಯ ಕೊನೆಯ ಉಪಶೀರ್ಷಿಕೆಗೆ ಬರುವಷ್ಟರಲ್ಲಿ ಸ್ಕ್ರೀನು ಕಪ್ಪಾಯಿತು.

ಭಾಷಣವೇನೋ ಬಾಯಿಪಾಠವಿತ್ತು, ಮುಗಿಸಿದೆ. ಚಪ್ಪಾಳೆಯೂ ಬಂತು. ಅಷ್ಟರಲ್ಲಿ ಭವನದ ಕರೆಂಟು ಹೋಗಿತ್ತು. ಅಲ್ಲಿದ್ದವರೆಲ್ಲರ ಬಳಿ ಇದ್ದದ್ದು ಆ ಪಿನ್ನು. ಆಟೋ ಹತ್ತಿ ಮುಳಬಾಗಿಲಿಗೆ ಓಡಿದೆ. ಕಣ್ಣಿಗೆ ಬಿದ್ದ ಮೊದಲ ಅಂಗಡಿಯೇ ಆ ಬೇಕರಿ.

"ಹೋಗ್ಲಿ, ನನ್ನ ಫೋನಿಂದ ಮಾಡಿ ಮಾತಾಡಿ" ಎಂದು ಮಾಲೀಕರು ತಮ್ಮ ಫೋನ್ ಚಾಚಿದರು.

ಯಾರಿಗೆ ಮಾಡಲಿ? ಶಮೀಮ್ ಬೆಳಿಗ್ಗೆ ಕರೆ ಮಾಡಿದ ನಂಬರು ನನಗೆ ಗೊತ್ತಿಲ್ಲ. ಮುನಿರಾಜು ಅವರದೂ ಇಲ್ಲ. ಎಲ್ಲರೂ ಆ ಕಪ್ಪು ಗಾಜಿನೊಳಗೆ ಇದ್ದಾರೆ. ಬಾಯಿಗೆ ಬರುವ ನಂಬರು ಒಂದೇ, ಅದು ನನ್ನದು. ಬೇರೇನೂ ತೋಚದೆ ಅದಕ್ಕೇ ಮಾಡಿದೆ. 'ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ' ಎಂದಿತು ಹೆಣ್ಣು ದನಿ. ಇದೇ ದನಿಯನ್ನು ಇದೇ ಗಳಿಗೆಯಲ್ಲಿ ಶ್ರೀನಿವಾಸಪುರದ ಸೈಬರಿನಲ್ಲಿ ಅಫ್ರೀನ್ ಕೇಳುತ್ತಿದ್ದಾಳೆಂದು ಹೊಳೆದಾಗ ಫೋನನ್ನು ಕಿವಿಯಿಂದ ಕೆಳಗಿಳಿಸಿದೆ.

ಮಾಲೀಕರು ನನ್ನ ಮುಖ ನೋಡಿ, ಏನನ್ನೂ ಕೇಳದೆ ಎದುರಿನ ಮೊಬೈಲ್ ಅಂಗಡಿಗೆ ಹೋಗಿ ಒಂದು ಕೇಬಲ್ ಎರವಲು ತಂದರು. ಗೇಣುದ್ದದ ಕೇಬಲ್. ಪ್ಲಗ್ ಇದ್ದದ್ದು ಪಫ್ಸ್ ಬಿಸಿಮಾಡುವ ಓವನ್ನಿನ ಹಿಂದೆ, ಮೊಣಕಾಲಿನ ಎತ್ತರದಲ್ಲಿ. ಫೋನನ್ನು ಕಿವಿಗಿಡಬೇಕೆಂದರೆ ಅಡಿಕೆ ಬೀಡಾ ಉಗಿಯುವವರ ಭಂಗಿಯಲ್ಲಿ ಬಗ್ಗಿ ನಿಲ್ಲಬೇಕು. ನಿಂತೆ.

ಫೋನು ಕೂಡಲೇ ಎದ್ದಿತೇ? ಇಲ್ಲ. ಖಾಲಿ ಬ್ಯಾಟರಿಯ ಚಿತ್ರ ತೋರಿಸುತ್ತ ಮೊದಲು ತನ್ನ ಹೊಟ್ಟೆ ತುಂಬಿಸಿಕೊಂಡಿತು. ಎದ್ದ ಮೇಲೂ ಒಟಿಪಿ ಕಾಣಲಿಲ್ಲ. ಹಳೆಯ ಸಿಸ್ಟಂ ಒಟಿಪಿ ಬಂದೊಡನೆ ನೆತ್ತಿಯ ಮೇಲೆ ತಂದು ಕೂರಿಸುತ್ತಿತ್ತು. ಹೊಸದು ಖಾಸಗಿತನದ ಕಾವಲುಗಾರ. ಪರಿಚಯವಿಲ್ಲದವರ ಸಂದೇಶಗಳನ್ನೆಲ್ಲ ಬೇರೆ ಕೋಣೆಗೆ ಅಟ್ಟಿರುತ್ತದೆ. ಆ ಕೋಣೆಯ ಬಾಗಿಲು ಹುಡುಕುವಷ್ಟರಲ್ಲಿ ಕರೆ ಬಂತು.

"ಟೀಚರಮ್ಮ! ಎಲ್ಲೋಗಿದ್ರಿ?" ಅಫ್ರೀನ್ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಎಷ್ಟ್ ಸಲ ಕಳ್ಸಿದೀನಿ ನೋಡಿ. ಬೇಗ ಹೇಳಿ."

ಕೋಣೆ ಸಿಕ್ಕಿತು. ಒಂದರ ಕೆಳಗೊಂದು ಒಟಿಪಿಗಳು. ಮೇಲಿನದನ್ನು ಓದಿದೆ.

"ತಪ್ಪು ಅಂತೈತೆ."

ಕೆಳಗಿನದನ್ನು ಓದಿದೆ.

"ಅದು ಹಳೇದು! ಹೊಸಾದು ಹೇಳಿ."

"ಯಾವುದು ಹೊಸದು ಅಂತ ಗೊತ್ತಾಗ್ತಿಲ್ಲ ಕಣಮ್ಮ, ಚಾರ್ಜ್ ಹೋಗಿತ್ತು, ಈಗ್ತಾನೆ ಬೇಕರೀಲಿ ಹಾಕಿದ್ದೀನಿ, ಎಲ್ಲಾ ಒಟ್ಟಿಗೆ ಬಂದಿವೆ."

ಇನ್ನೊಂದು ಓದಿದೆ. ಆಮೇಲೆ ಶಮೀಮಳ ದನಿ ಹಿಂದಿನಿಂದ ಕೇಳಿತು: "ಕ್ಯಾ ಹುವಾ? ಬಂದ್ ಹೋಗಯಾ ಕ್ಯಾ?"

"ಬ್ಲಾಕ್ ಆಯ್ತು" ಎಂದಳು ಅಫ್ರೀನ್. "ತುಂಬ ಸಲ ತಪ್ಪಾಯ್ತಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡ್ಬೇಕಂತೆ. ಟೀಚರಮ್ಮ, ನೀವು ಅಲ್ಲೇ ಇರಿ. ಫೋನ್ ಚಾರ್ಜ್‌ನಿಂದ ಕೀಳ್ಬೇಡಿ. ಬಸ್ ಹತ್ಬೇಡಿ. ಅಲ್ಲೇ ಇರಿ."

ಜೀವನದುದ್ದಕ್ಕೂ ಇತರರಿಗೆ 'ಅಲ್ಲೇ ಕೂರಿ, ಏಳಬೇಡಿ' ಎಂದು ಧರಣಿಯಲ್ಲಿ ಹೇಳುತ್ತ ಬಂದವಳು ನಾನು. ಓವನ್ನಿನ ಪಕ್ಕದಲ್ಲಿ, ಬಗ್ಗಿದ ಬೆನ್ನಿನಲ್ಲಿ, ಆ ಆಜ್ಞೆಯನ್ನು ಪಾಲಿಸಿದೆ.

ಮಾಲೀಕರು ಟೀ ತಂದಿಟ್ಟರು. ನಡೆದದ್ದನ್ನೆಲ್ಲ ಅವರು ಕಿವಿಯಾರೆ ಕೇಳಿದ್ದರು.

"ಅಮ್ಮಾ, ನಮ್ಮನೇದೂ ಒಂದು ಗ್ಯಾಸ್ ಬುಕಿಂಗ್ ಐತೆ. ನಿಮ್ ನಂಬರೇ ಹಾಕ್ಲಾ?"

"ನಗಿ ಅಣ್ಣ, ನಗಿ."

"ನಗ್ತಿಲ್ಲಮ್ಮ. ಪಾಪ ಆ ಪಿಲ್ಲ ಅಲ್ಲಿ ಒದ್ದಾಡ್ತೈತೆ. ಕರೆಂಟ್ ಹೋಗ್ದಿದ್ರೆ ಸಾಕು ಅಂತ ನಾನೂ ನೋಡ್ತಿದೀನಿ."

ಕರೆಂಟು ಹೋಗಲಿಲ್ಲ. (ಈ ಒಂದು ಸತ್ಕಾರ್ಯಕ್ಕಾಗಿ ವಿದ್ಯುತ್ ಇಲಾಖೆಯ ಮೇಲಿನ ನನ್ನ ಹಳೆಯ ದೂರುಗಳಲ್ಲಿ ಒಂದನ್ನು ಮನಸ್ಸಿನಲ್ಲೇ ಹಿಂತೆಗೆದುಕೊಂಡೆ.) ಗೋಡೆಯ ಗಡಿಯಾರ ಮಾತ್ರ ನನ್ನ ಫೋನಿನ ಹಾಗಲ್ಲ, ಎಲ್ಲಿಯೂ ನಿಲ್ಲದೆ ಓಡುತ್ತಿತ್ತು. ಐದಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಅಷ್ಟು ಹೊತ್ತು ಗೋಡೆಗೆ ಕಟ್ಟಿಹಾಕಿದ್ದರೂ ಚಾರ್ಜು ಒಂದು ಹೆಜ್ಜೆ ಏರಿ ಅಲ್ಲೇ ಕುಳಿತಿತ್ತು. ಓವನ್ನಿನ ಬಿಸಿಗೆ ಫೋನು ಮುನಿಸಿಕೊಂಡು, 'ಉಷ್ಣತೆ ಇಳಿದ ಮೇಲೆ ಚಾರ್ಜಿಂಗ್ ಮುಂದುವರಿಯುವುದು' ಎಂದು ಪ್ರಕಟಣೆ ಹೊರಡಿಸಿತು. ಮಾಲೀಕರು ಮರುಮಾತಿಲ್ಲದೆ ಓವನ್ ಆಫ್ ಮಾಡಿದರು. ಪಫ್ಸ್ ಕೇಳಲು ಬಂದವರಿಗೆ "ಸೀಟು ಆಗೋವರ್ಗೂ ಪಫ್ಸ್ ಇಲ್ಲ" ಎಂದರು. ಬಂದವರು ಹೋಗಲಿಲ್ಲ. ಯಾವ ಸೀಟು, ಯಾರ ಸೀಟು ಎಂದು ವಿಚಾರಿಸುತ್ತ ಅವರೂ ನಿಂತರು.

ಫೋನು ಅದುರಿತು.

"ಬಂತಾ ಟೀಚರಮ್ಮ?"

ಬಂದಿತ್ತು. ಈ ಬಾರಿ ಒಂದೇ. ನಿಧಾನವಾಗಿ, ಒಂದೊಂದು ಅಂಕಿಯನ್ನೂ ಮಕ್ಕಳಿಗೆ ಉಕ್ತಲೇಖನ ಕೊಡುವಂತೆ ಹೇಳಿದೆ. ಕೀಲಿಮಣೆಯ ಸದ್ದು ಕೇಳಿತು. ನನ್ನ ಹಿಂದೆ ನಿಂತಿದ್ದವರೂ ಫೋನಿನತ್ತ ಬಗ್ಗಿದರು.

"ಆಯ್ತು!" ಶಮೀಮ್ ಕಿರುಚಿದಳು. "ಆಯ್ತು ಟೀಚರಮ್ಮ, ಹಸಿರು ಬಣ್ಣ ಬಂತು!"

ನಾನು ನೆಟ್ಟಗಾಗಲು ಹೋದೆ. ಕೇಬಲ್ ಬಿಡಲಿಲ್ಲ.

"ಟೀಚರಮ್ಮ, ಇಡ್ಬೇಡಿ" ಎಂದಳು ಅಫ್ರೀನ್. ದನಿಯಲ್ಲಿ ಈಗ ಸಮಾಧಾನವಿತ್ತು, ಅದರ ಅಡಿಯಲ್ಲಿ ಇನ್ನೇನೋ ಗಟ್ಟಿಯಾದದ್ದಿತ್ತು. "ಇನ್ನೊಂದು ಒಟಿಪಿ ಬರುತ್ತೆ."

"ಇನ್ನೂ ಯಾವುದಕ್ಕೆ?"

"ನಂಬರ್ ಚೇಂಜ್ ಮಾಡೋಕೆ. ನಿಮ್ಮದು ತೆಗ್ದು ನಂದು ಹಾಕ್ತೀನಿ."

"ನಿನ್ನದು? ನಿಮ್ಮಪ್ಪಂದಲ್ಲ ತಾನೇ?"

"ನಂದೇ. ಅಮ್ಮಿ ಹೋದ್ವಾರ ತೆಗ್ಸಿಕೊಟ್ಟವ್ರೆ. ನಿಮ್ಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ."

ಬೇಜಾರೇ? ಸ್ವಾವಲಂಬನೆಯ ಮೇಲೆ ಅದೇ ಮಧ್ಯಾಹ್ನ ಚಪ್ಪಾಳೆ ಗಿಟ್ಟಿಸಿದವಳಿಗೆ? ಆದರೂ ಹಿಂದೊಂದು ಸಲ ಯಾವುದೋ ಸಮಿತಿಯಿಂದ ನನ್ನನ್ನು ಕೈಬಿಟ್ಟಾಗ ಆದಂಥದ್ದೇ ಒಂದು ನೋವು ಎಲ್ಲೋ ಚುಚ್ಚಿತು. ಅದನ್ನು ಮುಚ್ಚಿಕೊಳ್ಳಲು ಕೇಳಿದೆ:

"ಯಾವ ಸಿಸ್ಟಂ ಫೋನು?"

"ಮಾತಾಡೋ ಫೋನು, ಟೀಚರಮ್ಮ."

ಹೆಣ್ಣಿನ ಸಂದೇಶ ಗಂಡಸಿನ ಜೇಬಿಗೆ ಬೀಳುವುದು ಅನ್ಯಾಯ. ಇದನ್ನು ಇಂದಿಗೂ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಆದರೆ ಅದನ್ನು ಆ ಜೇಬಿನಿಂದ ಎತ್ತಿ ನನ್ನ ಕೈಚೀಲದಲ್ಲಿಟ್ಟುಕೊಂಡು ವಿಮೋಚನೆ ಎಂದು ಕರೆದಾಗ, ಆ ಕೈಚೀಲದಲ್ಲಿ ಸವೆದ ಬ್ಯಾಟರಿಯೊಂದಿದೆ ಎಂದು ಯಾರೂ ನನ್ನನ್ನು ಎಚ್ಚರಿಸಲಿಲ್ಲ. ಇನ್ನೂ ಒಂದು ಚೋದ್ಯ ನೋಡಿ. ನನ್ನಿಂದ ಬಿಡಿಸಿಕೊಳ್ಳಬೇಕಾದರೂ ಅವಳಿಗೆ ನನ್ನದೇ ಫೋನಿನ ಅಪ್ಪಣೆ ಬೇಕು. ನಮ್ಮ ವ್ಯವಸ್ಥೆಯನ್ನು ಕಟ್ಟಿದವರು, ಯಾವ ಪಾಳಯದವರೇ ಆಗಿರಲಿ, ಹೆಣ್ಣೊಬ್ಬಳು ತನ್ನ ನಂಬರನ್ನು ತಾನೇ ಇಟ್ಟುಕೊಳ್ಳಬಯಸುವ ದಿನವನ್ನು ಊಹಿಸಿದಂತೆ ಕಾಣುವುದಿಲ್ಲ.

ಒಟಿಪಿ ಬಂತು. ಅದರ ಕೆಳಗೆ, ದಪ್ಪ ಅಕ್ಷರಗಳಲ್ಲಿ, ಎಂದಿನ ಎಚ್ಚರಿಕೆಯೂ ಬಂತು: ಈ ಸಂಖ್ಯೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ.

ಯಾರ ಸಂಖ್ಯೆಯನ್ನು, ಸ್ವಾಮಿ, ಯಾರೊಂದಿಗೆ?